ಹಗಲು ಕಂಡ ಬಾವಿಗೆ ರಾತ್ರಿ ಬೀಳಬೇಕೆ?

ಅಂಗಡಿ ಮೂಲೆಯ ವೈಫೈ ಡಬ್ಬಿಗೆ ಬೀಗ ಹಾಕುವವರು ಯಾರು?

ಚಾಮರಾಜಪುರಂ: ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಇಲ್ಲಿನ ಅಂಗಡಿ ಬೀದಿಯಲ್ಲಿ ನಿಂತು ನೋಡಿ. ಒಂದರ ಹಿಂದೆ ಒಂದು ಷಟರ್ ಎಳೆಯುವ ಸದ್ದು. ಎಳೆದ ಮೇಲೆ ಆ ಕಡೆ ಒಂದು ಬೀಗ, ಈ ಕಡೆ ಒಂದು ಬೀಗ. ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡುವುದು ರೂಢಿ. ನಾಲ್ಕು ಹೆಜ್ಜೆ ಹೋದವರು ಅನುಮಾನ ಬಂದು ವಾಪಸ್ಸು ಬಂದು ಇನ್ನೊಂದು ಸಲ ಜಗ್ಗುವುದೂ ಉಂಟು. ವ್ಯಾಪಾರಸ್ಥರ ಜೀವ, ತಪ್ಪೇನಿಲ್ಲ.

ಆದರೆ ಷಟರ್‌ನ ಒಳಗೆ, ಗಲ್ಲಾದ ಮೇಲ್ಗಡೆ, ದೇವರ ಪಟದ ಪಕ್ಕದ ಮೊಳೆಗೆ ನೇತುಹಾಕಿದ ಪುಟ್ಟ ಡಬ್ಬಿಯೊಂದು ಹಸಿರು ದೀಪ ಮಿಟುಕಿಸುತ್ತಾ ಎಚ್ಚರವಾಗೇ ಇರುತ್ತದೆ. ವೈಫೈ ಡಬ್ಬಿ ಅನ್ನಿ, ಮೋಡೆಂ ಅನ್ನಿ, ರೂಟರ್ ಅನ್ನಿ, ಎಲ್ಲಾ ಅದೇ. ಬಿಲ್ಲಿನ ಕಂಪ್ಯೂಟರ್ ಅದಕ್ಕೇ ಅಂಟಿಕೊಂಡಿದೆ. ಸಿಸಿ ಕ್ಯಾಮೆರಾ ಅದಕ್ಕೇ. ಯಜಮಾನರ ಫೋನೂ ಅದಕ್ಕೇ. ಆ ಡಬ್ಬಿಗೂ ಒಂದು ಬೀಗ ಉಂಟು. ಅದನ್ನು ಜಗ್ಗಿ ನೋಡಿದವರು ಎಷ್ಟು ಜನ?

ಕೇಳಿದರೆ ಸಿಗುವ ಉತ್ತರ ಎಲ್ಲಾ ಕಡೆ ಒಂದೇ. ‘ಕೇಬಲ್‌ನೋರು ಬಂದು ಹಾಕ್ಕೊಟ್ರು ಸ್ವಾಮಿ, ನೆಟ್ ಬರ್ತಾ ಇದೆ, ಅಷ್ಟು ಸಾಕಲ್ವಾ?’

ಸಾಲದು. ಯಾಕೆ ಸಾಲದು ಅನ್ನುವುದನ್ನು ಕರ್ನಾಟಕದ ಜನ 2017ರಲ್ಲೇ ಕಂಡಿದ್ದಾರೆ. ಕಂಡು ಮರೆತಿದ್ದಾರೆ.

ಜುಲೈ ತಿಂಗಳ ಆ ವಾರ

2017ರ ಜುಲೈ ಕೊನೆಯ ವಾರ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡಿದ್ದ ಮನೆ, ಅಂಗಡಿ, ಕಚೇರಿಗಳಲ್ಲಿ ಇದ್ದಕ್ಕಿದ್ದಂತೆ ನೆಟ್ ನಿಂತುಹೋಯಿತು. ಕರ್ನಾಟಕ ವಲಯಕ್ಕೂ ಪೆಟ್ಟು ಬಿತ್ತು. ಕೇಬಲ್ ಕಡಿದಿರಲಿಲ್ಲ, ಕರೆಂಟ್ ಹೋಗಿರಲಿಲ್ಲ. ಗಿರಾಕಿಗಳು ಎಕ್ಸ್‌ಚೇಂಜಿಗೆ ಫೋನ್ ಮಾಡಿದ್ದೇ ಮಾಡಿದ್ದು.

ಕಾರಣ ನಂತರ ಹೊರಗೆ ಬಂತು. ಮೋಡೆಂಗಳಿಗೇ ಕೇಡಿಗ ಪ್ರೋಗ್ರಾಂ ಒಂದು ನುಗ್ಗಿತ್ತು. ಆಗಿನ ವರದಿಗಳ ಪ್ರಕಾರ ಕೆಟ್ಟ ಮೋಡೆಂಗಳ ಸಂಖ್ಯೆ ಸುಮಾರು 60 ಸಾವಿರ.

ನುಗ್ಗಿದ್ದು ಹೇಗೆ? ಗೋಡೆ ಕೊರೆದಲ್ಲ. ಬೀಗ ಮುರಿದೂ ಅಲ್ಲ. ಮೋಡೆಂ ಕಾರ್ಖಾನೆಯಿಂದ ಬರುವಾಗ ಅದರ ಒಳಬಾಗಿಲಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಹಾಕಿ ಕಳಿಸುತ್ತಾರೆ. ಹೆಸರು ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಸಾವಿರಾರು ಮನೆಗೆ ಒಂದೇ ಬೀಗದ ಕೈ! ಹಾಕಿಕೊಟ್ಟವರು ಬದಲಾಯಿಸಲಿಲ್ಲ, ಹಾಕಿಸಿಕೊಂಡವರಿಗೆ ಬದಲಾಯಿಸಬೇಕೆಂದೇ ಗೊತ್ತಿರಲಿಲ್ಲ. ಬಿಎಸ್‌ಎನ್‌ಎಲ್ ಮುಖ್ಯಸ್ಥರು ಆಗ ಗಿರಾಕಿಗಳಿಗೆ ಕೊಟ್ಟ ಸಲಹೆಯೂ ಅದೇ: ಮೊದಲು ಪಾಸ್‌ವರ್ಡ್ ಬದಲಾಯಿಸಿ.

ಆಮೇಲೆ ಅನಾಮಿಕನೊಬ್ಬ ‘ನಾನೇ ಮಾಡಿದ್ದು’ ಎಂದು ಹೊಣೆ ಹೊತ್ತುಕೊಂಡ. ‘ಬ್ರಿಕರ್‌ಬಾಟ್’ ಎಂಬ ಪ್ರೋಗ್ರಾಂ ಬರೆದವನು ತಾನೆಂದು ಹೇಳಿಕೊಂಡಾತ. ಬ್ರಿಕ್ ಅಂದರೆ ಇಟ್ಟಿಗೆ. ಒಳಗಿನ ಪ್ರೋಗ್ರಾಂ ಅಳಿಸಿದರೆ ಮೋಡೆಂ ಇಟ್ಟಿಗೆಗೆ ಸಮ, ಗೋಡೆ ಕಟ್ಟಲೂ ಬಾರದ ಇಟ್ಟಿಗೆ. ದೂರದಿಂದ ರಿಪೇರಿ ಮಾಡಲೆಂದು ಮೋಡೆಂಗಳಲ್ಲಿ 7547 ಎಂಬ ನಂಬರಿನ ಒಂದು ಹಿಂಬಾಗಿಲು ಇರುತ್ತದೆ. ಅದನ್ನು ಇಡೀ ಜಗತ್ತಿಗೆ ತೆರೆದಿಟ್ಟಿದ್ದರು ಅನ್ನುವುದು ಆತನ ದೂರು. ‘ಇಂಥ ಸಡಿಲ ಡಬ್ಬಿಗಳು ಕಳ್ಳರ ಕೈಗೆ ಸಿಗುವ ಮೊದಲು ನಾನೇ ಕೆಡಿಸಿ ಬುದ್ಧಿ ಕಲಿಸುತ್ತೇನೆ’ ಎಂಬ ಧಾಟಿ ಆ ಮಹಾಶಯನದು. ಬುದ್ಧಿ ಕಲಿಸಿದನೋ ಇಲ್ಲವೋ, ನೆಟ್ ಕಳೆದುಕೊಂಡವರು ಮಾತ್ರ ಏನೂ ಅರಿಯದ ಗಿರಾಕಿಗಳು.

ಪಾಸ್‌ವರ್ಡ್ ಸಡಿಲವಿದ್ದರೆ ಏನಾಗುತ್ತದೆ ಎಂದು ಅದಕ್ಕೂ ಒಂಬತ್ತು ತಿಂಗಳ ಮುಂಚೆಯೇ ಜಗತ್ತಿಗೆ ಗೊತ್ತಾಗಿತ್ತು. 2016ರ ಅಕ್ಟೋಬರ್ 21ರಂದು ‘ಮಿರಾಯ್’ ಎಂಬ ಇನ್ನೊಂದು ಪ್ರೋಗ್ರಾಂ ಮನೆ ಮನೆಯ ಕ್ಯಾಮೆರಾ, ರೂಟರ್‌ಗಳನ್ನು ಒಳಗೆ ಹಾಕಿಕೊಂಡು, ಎಲ್ಲವನ್ನೂ ಒಂದೇ ಕಡೆಗೆ ನುಗ್ಗಿಸಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ದೊಡ್ಡ ಹೆಸರುಗಳನ್ನೇ ಗಂಟೆಗಟ್ಟಲೆ ಮಲಗಿಸಿತ್ತು. ಅದರ ಆಯುಧ ಏನು? ಕಾರ್ಖಾನೆಯವರು ಹಾಕಿ ಕಳಿಸುವ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳ ಒಂದು ಪಟ್ಟಿ. ಅಷ್ಟೇ.

ತೂತು ಸಿಕ್ಕರೆ ಡಂಗುರ ಯಾಕೆ?

ಪಾಸ್‌ವರ್ಡ್ ನಮ್ಮ ತಪ್ಪು. ಒಪ್ಪೋಣ. ಆದರೆ ಬೀಗ ಮಾಡುವವರ ತಪ್ಪೂ ಇರುತ್ತದೆ. ಬೀಗ ಹೊರಗಿನಿಂದ ಗಟ್ಟಿ, ಆದರೆ ಒಂದು ಕಡೆ ತಟ್ಟಿದರೆ ತಾನಾಗೇ ಬಿಚ್ಚಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಪ್ರೋಗ್ರಾಂಗಳಲ್ಲೂ, ರೂಟರ್‌ಗಳಲ್ಲೂ ಇಂಥ ದೋಷ ದಿನಾ ಸಿಗುತ್ತವೆ. ಒಂದೆರಡಲ್ಲ. 1999ರಿಂದ ಇವುಗಳಿಗೆ ನಂಬರ್ ಕೊಡುವ ಪದ್ಧತಿ ಇದೆ. ‘ಸಿವಿಇ’ ನಂಬರ್ ಎನ್ನುತ್ತಾರೆ. ವಾಹನಕ್ಕೆ ಆರ್‌ಟಿಒ ನಂಬರ್ ಇದ್ದ ಹಾಗೆ: ಮೊದಲು ಇಸವಿ, ಆಮೇಲೆ ಸರಣಿ ಸಂಖ್ಯೆ. 2024 ಒಂದೇ ವರ್ಷದಲ್ಲಿ ಹೀಗೆ ನಂಬರ್ ಬಿದ್ದ ದೋಷಗಳು ಸುಮಾರು 40 ಸಾವಿರ. ದಿನಕ್ಕೆ ನೂರಕ್ಕೂ ಹೆಚ್ಚು!

ದೋಷ ಕಂಡುಹಿಡಿದವರು ಸಾಮಾನ್ಯವಾಗಿ ಮೊದಲು ಗುಟ್ಟಾಗಿ ಕಂಪನಿಗೆ ತಿಳಿಸುತ್ತಾರೆ. ಸರಿಪಡಿಸಲು ವಾಯಿದೆ ಕೊಡುತ್ತಾರೆ. 90 ದಿನದ ವಾಯಿದೆ ಬಹಳ ಕಡೆ ರೂಢಿಯಲ್ಲಿದೆ. ಕಂಪನಿ ತೇಪೆ ಹಾಕಿದ ಹೊಸ ಪ್ರೋಗ್ರಾಂ ಬಿಡುತ್ತದೆ. ‘ಅಪ್‌ಡೇಟ್’ ಅನ್ನುವುದು ಇದನ್ನೇ. ಆಮೇಲೆ ದೋಷವನ್ನು ಬಹಿರಂಗವಾಗಿ ಪ್ರಕಟಿಸುತ್ತಾರೆ. ಭಾರತದಲ್ಲಿ ಈ ಕೆಲಸಕ್ಕೆ ಕೇಂದ್ರ ಸರ್ಕಾರದ ‘ಸರ್ಟ್-ಇನ್’ ಸಂಸ್ಥೆ ಇದೆ. 2004ರಿಂದ ಕೆಲಸ ಮಾಡುತ್ತಿದೆ. ಇಂಥ ದೋಷ, ಇಂಥ ಕಂಪನಿ, ಇಂಥ ಪರಿಹಾರ ಎಂದು ಎಚ್ಚರಿಕೆಗಳನ್ನು ಹೊರಡಿಸುತ್ತಲೇ ಇರುತ್ತದೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಕೇಳಬಹುದು: ‘ಅಲ್ಲಾ ಸಾರ್, ಇಲ್ಲಿ ತೂತಿದೆ ಅಂತ ಡಂಗುರ ಹೊಡೆದ್ರೆ ಕಳ್ಳನಿಗೆ ದಾರಿ ತೋರಿಸಿದ ಹಾಗಲ್ವಾ?’

ನ್ಯಾಯವಾದ ಪ್ರಶ್ನೆ. ಹೌದು, ಆ ಡಂಗುರವನ್ನು ಕಳ್ಳನೂ ಕೇಳಿಸಿಕೊಳ್ಳುತ್ತಾನೆ. ಆದರೆ ಹೇಳದೆ ಮುಚ್ಚಿಟ್ಟರೆ ಕಂಪನಿಗಳು ಸರಿಪಡಿಸುವ ಗೋಜಿಗೇ ಹೋಗುವುದಿಲ್ಲ. ಕಳ್ಳ ತಾನಾಗೇ ಒಂದು ದಿನ ಆ ತೂತು ಕಂಡುಕೊಳ್ಳುತ್ತಾನೆ. ಅಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ಆದ್ದರಿಂದ ಹೇಳುವುದೇ ಮೇಲು. ಹೇಳಿದ ಕ್ಷಣದಿಂದ ಮಾತ್ರ ಓಟದ ಪಂದ್ಯ ಶುರು. ತೇಪೆ ಹಾಕಿಕೊಳ್ಳುವವರು ಮುಂದೋ, ನುಗ್ಗುವವರು ಮುಂದೋ?

ಆ ಓಟದಲ್ಲಿ ಸೋತ ಕಥೆಗೆ 2017ರ ಮೇ ತಿಂಗಳೇ ಸಾಕ್ಷಿ. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಕಂಪನಿ ಮಾರ್ಚ್ 14ರಂದೇ ತೇಪೆ ಬಿಟ್ಟಿತ್ತು. ಎರಡು ತಿಂಗಳು ಟೈಮಿತ್ತು. ಹಾಕಿಕೊಳ್ಳದವರ ಮೇಲೆ ಮೇ 12ರಂದು ‘ವನ್ನಾಕ್ರೈ’ ಬಿತ್ತು. ಕಡತಗಳಿಗೆಲ್ಲಾ ತಾನೇ ಬೀಗ ಹಾಕಿ, ಬಿಚ್ಚಬೇಕಾದರೆ ದುಡ್ಡು ಕೊಡು ಎಂದಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ಸು ಕಳಿಸಬೇಕಾಯಿತು. ಪಕ್ಕದ ಆಂಧ್ರದಲ್ಲಿ ಪೊಲೀಸರ ಕಂಪ್ಯೂಟರುಗಳೂ ಅದಕ್ಕೆ ಸಿಕ್ಕಿದವು.

ಹಗಲು ಕಂಡ ಬಾವಿಗೆ ರಾತ್ರಿ ಬೀಳುವುದು ಅಂದರೆ ಇದೇ ಅಲ್ಲವೆ?

ಡಬ್ಬಿ ಹಿಂದಿನ ಚೀಟಿ ಓದಿ

ಇನ್ನೂ ಹತ್ತಿರದ ಉದಾಹರಣೆ ಬೇಕೆ? ಟಿಪಿ-ಲಿಂಕ್ ಕಂಪನಿಯ 740ಎನ್, 841ಎನ್, 940ಎನ್ ಎಂಬ ರೂಟರ್‌ಗಳು ನಮ್ಮ ದೇಶದಲ್ಲಿ ಕಂಪ್ಯೂಟರ್ ಅಂಗಡಿಗೆ ಹೋದವರೆಲ್ಲ ಕಂಡಿರುವ ಮಾಲು. ಒಂದು ಕಾಲಕ್ಕೆ ಅಗ್ಗಕ್ಕೆ ಸಿಗುತ್ತಿದ್ದವು. ಇವುಗಳ ಕೆಲವು ಹಳೇ ಆವೃತ್ತಿಗಳಲ್ಲಿ ಹೊರಗಿನವರು ತಮ್ಮ ಹುಕುಂ ನಡೆಸಬಹುದಾದ ದೋಷ ಇದೆ ಎಂದು 2023ರಲ್ಲೇ ನಂಬರ್ ಬಿತ್ತು. 2023-33538 ಅದರ ಸಂಖ್ಯೆ. ಎರಡು ವರ್ಷ ಕಳೆದ ಮೇಲೆ, 2025ರ ಜೂನ್‌ನಲ್ಲಿ, ಅಮೆರಿಕ ಸರ್ಕಾರದ ಸೈಬರ್ ರಕ್ಷಣಾ ಸಂಸ್ಥೆ ಅದೇ ದೋಷವನ್ನು ‘ಕಳ್ಳರು ಈಗ ಬಳಸುತ್ತಿರುವ ದೋಷಗಳ’ ಪಟ್ಟಿಗೆ ಸೇರಿಸಿತು. ಡಬ್ಬಿ ಹಳೆಯದು, ತೂತೂ ಹಳೆಯದು, ನುಗ್ಗುವವರು ಮಾತ್ರ ಹೊಸಬರು.

ಇಲ್ಲಿ ಇನ್ನೊಂದು ವಿಷಯ. ಹಳೇ ಮಾಡೆಲ್‌ಗಳಿಗೆ ಕಂಪನಿಗಳು ಕೆಲವು ವರ್ಷವಾದ ಮೇಲೆ ತೇಪೆ ಬಿಡುವುದನ್ನೇ ನಿಲ್ಲಿಸುತ್ತವೆ. ಡಬ್ಬಿ ಕೆಟ್ಟಿರುವುದಿಲ್ಲ. ದೀಪ ಉರಿಯುತ್ತದೆ, ನೆಟ್ ಬರುತ್ತದೆ. ಆದರೆ ಅದಕ್ಕೆ ಔಷಧ ಕೊಡುವ ಡಾಕ್ಟರ್ ಊರು ಬಿಟ್ಟಾಗಿದೆ. ಬಿಲ್ಲಿನ ಕಂಪ್ಯೂಟರುಗಳ ಕಥೆಯೂ ಅದೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದನ್ನು ಅಂಗಡಿಯವರಿಗೆ ಬಂದು ಹೇಳಿದವರು ಯಾರು?

‘ನನ್ನ ಅಂಗಡೀಲಿ ಕದಿಯೋಕೆ ಏನಿದೆ?’

ಬಹಳ ಜನ ಹೀಗೆ ಕೇಳುತ್ತಾರೆ. ಔಷಧಿ ಅಂಗಡಿ, ದಿನಸಿ ಅಂಗಡಿ, ಜೆರಾಕ್ಸ್ ಅಂಗಡಿ. ಇಲ್ಲಿ ಯಾವ ಕುಬೇರನ ಖಜಾನೆ ಇದೆ?

ಕಳ್ಳನಿಗೆ ಬೇಕಾಗಿರುವುದು ಎಷ್ಟೋ ಸಲ ಅಂಗಡಿಯ ಮಾಲಲ್ಲ, ಅಂಗಡಿಯ ವಿಳಾಸ. ನೆಟ್ ಸಂಪರ್ಕಕ್ಕೆ ‘ಐಪಿ’ ಅನ್ನುವ ವಿಳಾಸ ಇರುತ್ತದೆ. ನಿಮ್ಮ ಡಬ್ಬಿಯೊಳಗೆ ಕೂತು ಆತ ಇನ್ನೆಲ್ಲೋ ಯಾರದೋ ಖಾತೆಗೆ ಕೈ ಹಾಕಿದರೆ, ಅಲ್ಲಿ ದಾಖಲಾಗುವುದು ನಿಮ್ಮ ವಿಳಾಸ. ವಿಚಾರಣೆಗೆ ಬರುವವರು ಬರುವುದೂ ನಿಮ್ಮ ಬಾಗಿಲಿಗೆ. ಇದು ಕಟ್ಟುಕಥೆಯಲ್ಲ. 2025ರ ಮೇನಲ್ಲಿ ಅಮೆರಿಕದ ಪೊಲೀಸರು ಇಂಥ ಒಂದು ದಂಧೆಯನ್ನೇ ಮುಚ್ಚಿಸಿದರು. ಹಳೇ ರೂಟರ್‌ಗಳಿಗೆ ನುಗ್ಗಿ, ಅವುಗಳ ವಿಳಾಸವನ್ನು ತಿಂಗಳಿಗಿಷ್ಟು ಎಂದು ಬಾಡಿಗೆಗೆ ಬಿಡುತ್ತಿದ್ದ ಜಾಲ ಅದು. ಆ ಬಾಡಿಗೆಯಿಂದ 4 ಕೋಟಿ 60 ಲಕ್ಷ ಡಾಲರ್‌ಗೂ ಹೆಚ್ಚು ಸಂಪಾದಿಸಿದ್ದರೆಂಬುದು ಅಲ್ಲಿನ ಸರ್ಕಾರದ ಆರೋಪ. ಮನೆ ನಿಮ್ಮದು, ಬಾಡಿಗೆ ಅವರದು!

ಎರಡನೆಯದು ದಾರಿ ತಪ್ಪಿಸುವ ಆಟ. ಬ್ಯಾಂಕಿನ ಹೆಸರು ಒತ್ತಿದಾಗ ಅದು ಎಲ್ಲಿದೆ ಎಂದು ಹುಡುಕಿಕೊಡುವ ವ್ಯವಸ್ಥೆ ರೂಟರ್‌ನಲ್ಲೇ ಇರುತ್ತದೆ. ಅದನ್ನು ತಿರುಚಿದರೆ ನೀವು ಹೋಗುವುದು ಬ್ಯಾಂಕಿನಂತೆಯೇ ಕಾಣುವ ನಕಲಿ ಬಾಗಿಲಿಗೆ. ಬ್ರೆಜಿಲ್ ದೇಶದಲ್ಲಿ 2011ರ ಸುಮಾರಿಗೆ 45 ಲಕ್ಷ ಮೋಡೆಂಗಳನ್ನು ಹೀಗೆ ತಿರುಚಿದ್ದರು. ಈಗಿನ ಯುಪಿಐ, ಬ್ಯಾಂಕ್ ಆ್ಯಪ್‌ಗಳು ದಾರಿಯುದ್ದಕ್ಕೂ ಗುಪ್ತಲಿಪಿಯಲ್ಲೇ ಮಾತಾಡುವುದರಿಂದ ರೂಟರ್ ಕೆಟ್ಟ ಮಾತ್ರಕ್ಕೆ ಗಲ್ಲಾ ಖಾಲಿಯಾಗಿಬಿಡುತ್ತದೆ ಎಂದು ಗಾಬರಿ ಬೀಳಬೇಕಿಲ್ಲ. ಆದರೆ ‘ಈ ಪುಟ ನಂಬಿಕೆಗೆ ಅರ್ಹವಲ್ಲ’ ಎಂದು ಫೋನ್ ಎಚ್ಚರಿಸಿದರೂ ಒತ್ತಿಕೊಂಡು ಮುಂದೆ ಹೋಗುವವರು ನಮ್ಮಲ್ಲಿ ಕಡಿಮೆಯೇ?

ಮೂರನೆಯದು ಸಿಸಿ ಕ್ಯಾಮೆರಾ. ಕಳ್ಳನನ್ನು ಹಿಡಿಯಲು ಹಾಕಿದ ಕಣ್ಣು ಕಳ್ಳನಿಗೇ ಕಣ್ಣಾದರೆ? ಯಜಮಾನರು ಯಾವಾಗ ಊಟಕ್ಕೆ ಹೋಗುತ್ತಾರೆ, ಗಲ್ಲಾದಲ್ಲಿ ಕೂರುವವರು ಯಾರು, ಎಲ್ಲಾ ಅವನಿಗೆ ಸಿನಿಮಾ. ಈ ದೂರುಗಳು ಹೆಚ್ಚಿದ್ದರಿಂದಲೇ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಿಂದ ನೆಟ್‌ಗೆ ಸೇರುವ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯ ಮಾಡಿತು. ಒಳ್ಳೆಯದೇ. ಆದರೆ ಗೋಡೆಗೆ ಈಗಾಗಲೇ ಮೊಳೆ ಹೊಡೆದಿರುವ ಹಳೇ ಕ್ಯಾಮೆರಾಗಳನ್ನು ಪರೀಕ್ಷೆ ಮಾಡುವವರಿಲ್ಲ.

ದೊಡ್ಡವರ ಮನೆ ದೋಸೆಯೂ ತೂತೇ

ಅಂಗಡಿಯವರನ್ನಷ್ಟೇ ಬೈದರೆ ಅನ್ಯಾಯ. ಎಲ್ಲರ ಮನೆ ದೋಸೆಯೂ ತೂತು. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲಕ್ಕೇ ಕನ್ನ ಬಿತ್ತು. ಟೆಂಡರ್ ಹಾಕುವ ಗುತ್ತಿಗೆದಾರರು ಇಟ್ಟ ಠೇವಣಿಯಲ್ಲಿ 11 ಕೋಟಿ ರೂಪಾಯಿಗೂ ಹೆಚ್ಚು ಬೇರೆಯವರ ಖಾತೆಗೆ ಹೊರಟುಹೋಯಿತು. ಸಿಐಡಿಗೆ ದೂರು ಹೋಯಿತು. ಅಷ್ಟು ದೊಡ್ಡ ಸರ್ಕಾರ, ಅಷ್ಟೊಂದು ಇಂಜಿನಿಯರುಗಳಿದ್ದೂ ಹೀಗಾದರೆ ಮೂಲೆ ಅಂಗಡಿಯ ಪಾಡೇನು?

ಕೇಬಲ್‌ನವರ ಕೋಣೆಯಲ್ಲೂ ಇದೇ ಕಥೆ. ಸಣ್ಣ ನೆಟ್ ಕಂಪನಿಗಳು ಹೆಚ್ಚಾಗಿ ಬಳಸುವ ಮೈಕ್ರೋಟಿಕ್ ರೂಟರ್‌ಗಳಲ್ಲಿ 2018ರಲ್ಲಿ ಒಂದು ದೋಷ ಸಿಕ್ಕಿತು. ಏಪ್ರಿಲ್‌ನಲ್ಲೇ ತೇಪೆ ಬಂತು. ಹಾಕದೆ ಬಿಟ್ಟವರ ಸಾವಿರಾರು ರೂಟರ್‌ಗಳನ್ನು, ಭಾರತದಲ್ಲೂ, ಕಳ್ಳರು ತಿಂಗಳುಗಟ್ಟಲೆ ತಮ್ಮ ಡಿಜಿಟಲ್ ನಾಣ್ಯ ಟಂಕಿಸುವ ಕೆಲಸಕ್ಕೆ ಹಚ್ಚಿದರು. ದುಡಿದದ್ದು ಗಿರಾಕಿಯ ಕಂಪ್ಯೂಟರ್, ಕರೆಂಟು ಬಿಲ್ಲು ಗಿರಾಕಿಯದು, ಕಾಸು ಕಳ್ಳನದು. ಗಿರಾಕಿಗೆ ಗೊತ್ತಾಗಿದ್ದು ಒಂದೇ: ‘ಯಾಕೋ ಸ್ಲೋ ಆಗಿದೆ ಕಣ್ರೀ.’

ಇವತ್ತು ರಾತ್ರಿಯೇ ಮಾಡಬಹುದಾದ್ದು

ಷಟರ್ ಎಳೆಯುವ ಮುಂಚೆ ಹತ್ತು ನಿಮಿಷ ಸಾಕು. ತಿಳಿದ ಹುಡುಗರು ಮನೆಯಲ್ಲೋ ಪಕ್ಕದಂಗಡಿಯಲ್ಲೋ ಇದ್ದೇ ಇರುತ್ತಾರೆ, ಕೂರಿಸಿಕೊಳ್ಳಿ.

ಒಂದು: ಗಿರಾಕಿಗೆ ಹೇಳುವ ವೈಫೈ ಪಾಸ್‌ವರ್ಡ್ ಬೇರೆ, ಡಬ್ಬಿಯ ಒಳಬಾಗಿಲಿನ ಅಡ್ಮಿನ್ ಪಾಸ್‌ವರ್ಡ್ ಬೇರೆ. ಬಹಳ ಜನ ಮೊದಲನೆಯದನ್ನು ಬದಲಾಯಿಸಿ ಎರಡನೆಯದು ಮರೆಯುತ್ತಾರೆ. ಎರಡನ್ನೂ ಬದಲಾಯಿಸಿ. ಅಂಗಡಿ ಹೆಸರು, ಫೋನ್ ನಂಬರ್, 12345 ಇವು ಬೇಡ.

ಎರಡು: ಡಬ್ಬಿ ತಿರುಗಿಸಿ ಹಿಂದಿನ ಚೀಟಿಯಲ್ಲಿ ಮಾಡೆಲ್, ಆವೃತ್ತಿ ಬರೆದುಕೊಳ್ಳಿ. ಅದಕ್ಕೆ ಅಪ್‌ಡೇಟ್ ಬರುತ್ತಿದೆಯೇ ಎಂದು ಕೇಬಲ್‌ನವರನ್ನೋ ಅಂಗಡಿಯವರನ್ನೋ ಕೇಳಿ. ಬರುತ್ತಿದ್ದರೆ ಹಾಕಿಸಿ. ನಿಂತಿದ್ದರೆ ಡಬ್ಬಿ ಬದಲಾಯಿಸಿ. ಸಾವಿರ, ಒಂದೂವರೆ ಸಾವಿರ ರೂಪಾಯಿಯ ಮಾತು.

ಮೂರು: ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬ ಗುಂಡಿ ಇದ್ದರೆ ಆಫ್ ಮಾಡಿಸಿ. ಹೊರಗಿನವರಿಗೆ ಹಿಂಬಾಗಿಲು ಬೇಕಿಲ್ಲ.

ನಾಲ್ಕು: ಗಿರಾಕಿಗಳಿಗೆ ವೈಫೈ ಕೊಡುವುದಾದರೆ ‘ಗೆಸ್ಟ್’ ಸಾಲು ಬೇರೆ ಇಡಿ. ಬಿಲ್ಲಿನ ಕಂಪ್ಯೂಟರ್, ಕ್ಯಾಮೆರಾ ಅದರಲ್ಲಿ ಬೇಡ. ಬಂದವರನ್ನು ಜಗುಲಿಯಲ್ಲಿ ಕೂರಿಸುತ್ತೇವೆ, ಬೀರು ಇರುವ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲವಲ್ಲ.

ಐದು: ಕ್ಯಾಮೆರಾ ರೆಕಾರ್ಡರ್ ಪಾಸ್‌ವರ್ಡೂ ಬದಲಾಯಿಸಿ. ಹಾಕಿಕೊಟ್ಟ ಹುಡುಗನ ಪಾಸ್‌ವರ್ಡೇ ಇನ್ನೂ ಇದ್ದರೆ ಬೀಗದ ಕೈ ಅವನ ಹತ್ತಿರವೇ ಇದೆ ಎಂದರ್ಥ.

ಬಸ್ಸು, ರೈಲಿನಲ್ಲಿ ಓಡಾಡುವವರಿಗೂ ಒಂದು ಮಾತು. ಫೋನಿನಲ್ಲಿ ‘ಅಪ್‌ಡೇಟ್ ಮಾಡಿ’ ಎಂದು ಬಂದಾಗ ‘ನಾಳೆ’ ಒತ್ತಬೇಡಿ. ಆ ನಾಳೆ ಬರುವುದೇ ಇಲ್ಲ. ಆದರೆ ಅಪ್‌ಡೇಟ್ ಎಂದು ಎಸ್‌ಎಂಎಸ್, ವಾಟ್ಸ್ಆ್ಯಪ್‌ನಲ್ಲಿ ಬರುವ ಲಿಂಕ್ ಮಾತ್ರ ಮುಟ್ಟಬೇಡಿ. ಅಪ್‌ಡೇಟ್ ಇರುವುದು ಫೋನಿನ ಸೆಟ್ಟಿಂಗ್ಸ್‌ನಲ್ಲೇ. ದುಡ್ಡು ಹೋಗಿದೆ ಎಂದು ಗೊತ್ತಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ದುಡ್ಡು ದೂರ. ನಗರದ ಸೆನ್ ಪೊಲೀಸ್ ಠಾಣೆ ಇರುವುದೂ ಇದಕ್ಕೇ. ಕಂಪ್ಯೂಟರ್ ಶುಚಿ ಮಾಡಿಕೊಳ್ಳಲು ಬಿಟ್ಟಿಯಾಗಿ ಸಾಧನ ಕೊಡುವ ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರಿಂದ ಇದೆ.

ಸಂಬಂಧಪಟ್ಟವರು ಕಣ್ಣು ತೆರೆಯುವರೇ?

ಎಲ್ಲಾ ಸರಿ. ಆದರೆ ಅಸಲಿ ಪ್ರಶ್ನೆ ಉಳಿದೇ ಇದೆ. ದೋಷ ಸಿಕ್ಕಿದ ಸುದ್ದಿ ಅಮೆರಿಕದಿಂದ ದೆಹಲಿಗೆ ಅರ್ಧ ದಿನದಲ್ಲಿ ಬರುತ್ತದೆ. ದೆಹಲಿಯಿಂದ ಚಾಮರಾಜಪುರಂ ಅಂಗಡಿಗೆ ಬರಲು ಎರಡು ವರ್ಷವಾದರೂ ಸಾಲದು. ಎಚ್ಚರಿಕೆ ಪತ್ರ ಇರುವುದು ಇಂಗ್ಲಿಷಿನಲ್ಲಿ. ಅದೂ ಇಂಜಿನಿಯರುಗಳಿಗೆ ಮಾತ್ರ ಅರ್ಥವಾಗುವ ಇಂಗ್ಲಿಷು. ಔಷಧಿ ಅಂಗಡಿಯವರು ಅದನ್ನು ಎಲ್ಲಿ ಓದಬೇಕು, ಯಾವಾಗ ಓದಬೇಕು?

ತಿಂಗಳು ತಿಂಗಳು ಬಿಲ್ ವಸೂಲಿಗೆ ತಪ್ಪದೆ ಮೆಸೇಜ್ ಕಳಿಸುವ ನೆಟ್ ಕಂಪನಿಗಳು, ‘ನಿಮ್ಮ ಡಬ್ಬಿ ಹಳೆಯದಾಗಿದೆ, ಪಾಸ್‌ವರ್ಡ್ ಬದಲಾಯಿಸಿ’ ಎಂದು ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿದರೆ ಗಂಟು ಹೋಗುತ್ತದೆಯೇ? ಡಬ್ಬಿ ಹಾಕಲು ಬರುವ ಹುಡುಗರು ಎದುರಿಗೇ ಪಾಸ್‌ವರ್ಡ್ ಬದಲಾಯಿಸಿಯೇ ಹೋಗಬೇಕೆಂಬ ಕಟ್ಟಳೆ ಯಾಕಿಲ್ಲ? ವರ್ತಕರ ಸಂಘಗಳು ವರ್ಷಕ್ಕೊಂದು ಸಂಜೆ ಈ ವಿಷಯಕ್ಕೆ ಕೊಡಬಾರದೆ? ಊರು ತುಂಬ ಇಂಜಿನಿಯರಿಂಗ್ ಕಾಲೇಜುಗಳಿವೆ. ಹುಡುಗರನ್ನು ಒಂದು ಭಾನುವಾರ ಬೀದಿಗೆ ಕಳಿಸಿದರೆ ಒಂದು ಮೊಹಲ್ಲಾದ ಡಬ್ಬಿಗಳೆಲ್ಲ ಭದ್ರವಾಗುತ್ತವೆ. ಹುಡುಗರಿಗೂ ಪಾಠ, ಅಂಗಡಿಗೂ ಲಾಭ.

ಊರೆಲ್ಲಾ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆ ನಮ್ಮದೇ. 2017ರ ಜುಲೈನಲ್ಲಿ 60 ಸಾವಿರ ಡಬ್ಬಿಗಳು ಕೆಟ್ಟಾಗ ಹೋದದ್ದು ಕೆಲವು ದಿನದ ನೆಟ್. ಅಂದು ಅಂಗಡಿಗಳಲ್ಲಿ ಯುಪಿಐ ಇನ್ನೂ ಅಂಬೆಗಾಲಿಡುತ್ತಿತ್ತು. ಇವತ್ತು ಹಾಲಿನವರಿಂದ ಹೂವಿನವರವರೆಗೂ ವ್ಯಾಪಾರ ನಡೆಯುವುದೇ ನೆಟ್ ಮೇಲೆ. ಅಂಥದ್ದೇ ಒಂದು ವಾರ ಮತ್ತೆ ಬಂದರೆ ಬೀದಿಯ ಗತಿಯೇನು?

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆಂದು ಕಾಯುತ್ತಾ ಕೂರುವುದು ಬೇಡ. ಇವತ್ತು ರಾತ್ರಿ ಷಟರ್ ಬೀಗ ಜಗ್ಗುವ ಮುಂಚೆ, ದೇವರ ಪಟದ ಪಕ್ಕದ ಆ ಹಸಿರು ದೀಪದ ಕಡೆಗೂ ಒಂದು ಸಲ ತಿರುಗಿ ನೋಡಿ.